ಶುಕ್ರವಾರ ಸೋರಿದ ಟ್ಯಾಂಕ್, ಸೋಮವಾರ ಹಾರಿತು

ಪ್ರೆಶರ್ ವೆಸಲ್, ಅಂದರೆ ಒತ್ತಡ ತಡೆದುಕೊಳ್ಳುವ ಮುಚ್ಚಿದ ಟ್ಯಾಂಕ್‌ಗಳ ತಪಾಸಣೆಯ ಕೆಲಸಕ್ಕೆ ಹೊಸದಾಗಿ ಸೇರಿದವರು ಮೊದಲು ಯಾವ ಅಪಘಾತದ ಬಗ್ಗೆ ಓದಬೇಕು ಅಂತ ಯಾರಾದರೂ ಕೇಳಿದರೆ ನಾನು ಸೇಂಟ್ ಲೂಯಿಸ್‌ನದನ್ನೇ ಹೇಳುತ್ತೇನೆ. ಭೋಪಾಲ್ ಅಲ್ಲ, ಯಾವ ದೊಡ್ಡ ರಿಫೈನರಿಯದ್ದೂ ಅಲ್ಲ. ಅಲ್ಲೆಲ್ಲ ಹತ್ತಾರು ಕಾರಣಗಳು ಒಂದರ ಮೇಲೊಂದು ಕೂತಿರುತ್ತವೆ. ಕೆಲಸಕ್ಕೆ ಹೊಸಬರಾದವರಿಗೆ ತಮ್ಮ ಪಾಲು ಎಲ್ಲಿತ್ತು ಅಂತ ಕಾಣುವುದಿಲ್ಲ. ಇಲ್ಲಿ ಇದ್ದದ್ದು ರಟ್ಟಿನ ಪೆಟ್ಟಿಗೆ ಮಾಡುವ ಒಂದು ಕಾರ್ಖಾನೆ, ಬಿಸಿನೀರಿನ ಒಂದು ಟ್ಯಾಂಕ್, ಅದರ ತಳದಲ್ಲೊಂದು ಸೋರಿಕೆ. ಅಷ್ಟೇ. ಡಿಪ್ಲೊಮಾ ಮುಗಿಸಿ ಬಂದ ಹುಡುಗನೋ ಹುಡುಗಿಯೋ ಕೈಯಲ್ಲಿ ದಪ್ಪ ಅಳೆಯುವ ಮೀಟರ್ ಹಿಡಿದು ಮೊದಲ ವರ್ಷದಲ್ಲೇ ನೋಡುವಂಥ ಟ್ಯಾಂಕ್ ಅದು.

ಅಂದು 2017ರ ಏಪ್ರಿಲ್ 3, ಸೋಮವಾರ. ಅಮೆರಿಕದ ಮಿಸ್ಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರ. ಬೆಳಿಗ್ಗೆ ಏಳು ಇಪ್ಪತ್ತರ ಸುಮಾರಿಗೆ ಲಾಯ್-ಲ್ಯಾಂಜ್ ಬಾಕ್ಸ್ ಕಂಪನಿಯ ಸ್ಟೀಮ್ ವ್ಯವಸ್ಥೆಯಲ್ಲಿದ್ದ ಒಂದು ಟ್ಯಾಂಕ್‌ನ ತಳ ಕಿತ್ತುಹೋಯಿತು. ತಳ ಬಿಟ್ಟು ಉಳಿದ ಟ್ಯಾಂಕ್, ಸುಮಾರು 900 ಕೆಜಿ ತೂಕದ್ದು, ಕಟ್ಟಡದ ಚಾವಣಿ ಸೀಳಿಕೊಂಡು ಮೇಲಕ್ಕೆ ಹೋಯಿತು. ಸುಮಾರು 425 ಅಡಿ ಎತ್ತರಕ್ಕೆ. ಹತ್ತು ಸೆಕೆಂಡು ಗಾಳಿಯಲ್ಲೇ ಇತ್ತು. ಆಮೇಲೆ ಸುಮಾರು 520 ಅಡಿ ದೂರದಲ್ಲಿದ್ದ ಬೇರೊಂದು ಕಂಪನಿಯ ಚಾವಣಿ ಒಡೆದುಕೊಂಡು ಒಳಗೆ ಬಿತ್ತು. ಆ ಕಂಪನಿ ಆಸ್ಪತ್ರೆಗಳ ಬಟ್ಟೆ ಒಗೆದು ಕೊಡುತ್ತಿತ್ತು. ಅದಕ್ಕೂ ರಟ್ಟಿನ ಪೆಟ್ಟಿಗೆಗೂ ಏನೂ ಸಂಬಂಧವಿರಲಿಲ್ಲ. ಅಲ್ಲಿ ಮೂವರು ಪ್ರಾಣ ಕಳೆದುಕೊಂಡರು. ಅವರು ಅವತ್ತು ಹೊಸದಾಗಿ ಕೆಲಸಕ್ಕೆ ಸೇರಲು ಬಂದಿದ್ದವರು, ಕೂತು ಫಾರ್ಮ್ ತುಂಬುತ್ತಿದ್ದರು. ಲಾಯ್-ಲ್ಯಾಂಜ್‌ನಲ್ಲಿ ಒಬ್ಬ ನೌಕರರು ತೀರಿಕೊಂಡರು.

ಇಂಥ ಅಪಘಾತಗಳನ್ನು ತನಿಖೆ ಮಾಡುವ ಅಮೆರಿಕದ ಕೆಮಿಕಲ್ ಸೇಫ್ಟಿ ಬೋರ್ಡ್ ಇದನ್ನೂ ತೆಗೆದುಕೊಂಡಿತು. ಅಂತಿಮ ವರದಿ ಬಂದದ್ದು 2022ರಲ್ಲಿ.

ಟ್ಯಾಂಕ್ ಯಾವ ಕೆಲಸಕ್ಕಿತ್ತು

ರಟ್ಟು ತಯಾರಿಸುವಾಗ ಕಾಗದವನ್ನು ಬಿಸಿ ರೋಲರ್‌ಗಳ ಮಧ್ಯೆ ಹಾಯಿಸಿ ಅಲೆಅಲೆಯಾಗಿ ಮಡಿಸುತ್ತಾರೆ, ಪಿಷ್ಟದ ಅಂಟಿನಿಂದ ಪದರಗಳನ್ನು ಕೂಡಿಸುತ್ತಾರೆ. ರೋಲರ್ ಬಿಸಿಯಾಗುವುದು ಸ್ಟೀಮ್‌ನಿಂದ. ಬಿಸಿ ಕೊಟ್ಟ ಸ್ಟೀಮ್ ಮತ್ತೆ ನೀರಾಗುತ್ತದೆ, ಅದಕ್ಕೆ ಕಂಡೆನ್ಸೇಟ್ ಅನ್ನುತ್ತಾರೆ. ಅದಿನ್ನೂ ಚೆನ್ನಾಗಿ ಬಿಸಿ ಇರುತ್ತದೆ. ಚರಂಡಿಗೆ ಬಿಟ್ಟರೆ ಇಂಧನ ದಂಡ. ಹಾಗಾಗಿ ಒತ್ತಡ ಇಳಿಯದ ಹಾಗೆ ಒಂದು ಮುಚ್ಚಿದ ಟ್ಯಾಂಕ್‌ಗೆ ತಂದು, ಅಲ್ಲಿಂದ ನೇರವಾಗಿ ಬಾಯ್ಲರ್‌ಗೆ ಪಂಪ್ ಮಾಡುತ್ತಾರೆ. ಈ ಟ್ಯಾಂಕ್‌ನ ಕೆಲಸ ಅದು. ಸುಮಾರು 30 ಇಂಚು ವ್ಯಾಸ, 17 ಅಡಿಗಿಂತ ಸ್ವಲ್ಪ ಜಾಸ್ತಿ ಎತ್ತರ. ನೆಟ್ಟಗೆ ನಿಂತ ಒಂದು ದಪ್ಪ ಕಂಬ ಅಂದುಕೊಳ್ಳಿ.

ಒಳಗೆ ಸುಮಾರು 1,900 ಲೀಟರ್ ನೀರು ಇತ್ತು. ಅದರ ಉಷ್ಣತೆ 165 ಡಿಗ್ರಿ ಸೆಲ್ಸಿಯಸ್ ಹತ್ತಿರ. ಒತ್ತಡ, ನಮ್ಮ ಬಾಯ್ಲರ್ ಹೌಸ್ ಭಾಷೆಯಲ್ಲಿ ಹೇಳುವುದಾದರೆ, ಆರೇಳು ಕೆಜಿ.

"ಆರೇಳು ಕೆಜಿ ಪ್ರೆಶರ್ ಅಂದರೆ ಏನು ಮಹಾ, ನಮ್ಮ ಕಂಪ್ರೆಸರ್‌ನಲ್ಲೇ ಅಷ್ಟಿರುತ್ತಲ್ಲ" ಅನ್ನಿಸಬಹುದು. ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕೋಣ.

30 ಇಂಚು ವ್ಯಾಸದ ತಳದ ವಿಸ್ತೀರ್ಣ ಸುಮಾರು 4,560 ಚದರ ಸೆಂಟಿಮೀಟರ್. ಚದರ ಸೆಂಟಿಮೀಟರ್‌ಗೆ 7 ಕೆಜಿ ಅಂದರೆ ಒಟ್ಟು ಸುಮಾರು 32 ಟನ್. ತಳ ಕೆಳಕ್ಕೆ ಬಿಟ್ಟುಕೊಂಡ ಕ್ಷಣ ಅಷ್ಟೇ ಬಲ ಟ್ಯಾಂಕ್‌ನ ತಲೆಯನ್ನು ಮೇಲಕ್ಕೆ ತಳ್ಳುತ್ತದೆ. ತಳ್ಳಿಸಿಕೊಳ್ಳುವ ಟ್ಯಾಂಕ್ ಒಂದು ಟನ್ ಕೂಡ ಇಲ್ಲ.

ಒಳಗಿದ್ದದ್ದು ಬರೀ ಗಾಳಿಯಾಗಿದ್ದರೆ ಒಂದು ಸಲ ತಳ್ಳಿ ಒತ್ತಡ ಬೇಗ ಇಳಿದುಬಿಡುತ್ತಿತ್ತು. ಬಿಸಿನೀರು ಹಾಗಲ್ಲ. 165 ಡಿಗ್ರಿಯ ನೀರು ನೀರಾಗಿ ಉಳಿದಿರುವುದೇ ಒತ್ತಡದಿಂದ. ಒತ್ತಡ ಹೋದರೆ ಅದು 100 ಡಿಗ್ರಿಗೆ ಇಳಿಯಲೇಬೇಕು. ಮಿಕ್ಕ ಶಾಖ ಎಲ್ಲಿಗೆ ಹೋಗಬೇಕು? ನೀರಿನ ಒಂದು ಪಾಲನ್ನು ಆ ಕ್ಷಣದಲ್ಲೇ ಸ್ಟೀಮ್ ಮಾಡುತ್ತದೆ. ಸ್ಟೀಮ್ ಟೇಬಲ್ ತೆಗೆದು ನೋಡಿದರೆ ಈ ಪಾಲು ಎಂಟನೇ ಒಂದರಷ್ಟು ಬರುತ್ತದೆ. ಅಂದರೆ 200 ಕೆಜಿಗೂ ಮೀರಿದ ಸ್ಟೀಮ್. ನೀರು ಸ್ಟೀಮ್ ಆದಾಗ ಬೇಕಾಗುವ ಜಾಗ ಸಾವಿರದ ಆರುನೂರು ಪಟ್ಟಿಗೂ ಜಾಸ್ತಿ. ಈ ಸ್ಫೋಟದ ಶಕ್ತಿ ಸುಮಾರು 350 ಪೌಂಡ್, ಅಂದರೆ 160 ಕೆಜಿಯಷ್ಟು ಟಿಎನ್‌ಟಿ ಸ್ಫೋಟಕಕ್ಕೆ ಸಮ ಅಂತ ತನಿಖೆ ಮಾಡಿದವರು ಅಂದಾಜು ಮಾಡಿದ್ದಾರೆ.

ಹೈಡ್ರೋ ಟೆಸ್ಟ್‌ಗೆ, ಅಂದರೆ ಟ್ಯಾಂಕ್‌ಗೆ ನೀರು ತುಂಬಿ ಒತ್ತಡ ಏರಿಸಿ ನೋಡುವ ಪರೀಕ್ಷೆಗೆ, ತಣ್ಣೀರು ಬಳಸುವುದು ಯಾಕೆ ಅಂತ ಇಂಟರ್‌ವ್ಯೂಗಳಲ್ಲಿ ಕೇಳುತ್ತಾರೆ. ಅದಕ್ಕೂ ಉತ್ತರ ಇದರಲ್ಲೇ ಇದೆ. ತಣ್ಣೀರು ಒತ್ತಡದಲ್ಲಿ ಹೆಚ್ಚುಕಡಿಮೆ ಕುಗ್ಗುವುದಿಲ್ಲ, ಟೆಸ್ಟ್ ಮಾಡುವಾಗ ಎಲ್ಲಾದರೂ ಬಿಟ್ಟುಕೊಂಡರೆ ನಾಲ್ಕು ಹನಿ ಚಿಮ್ಮಿ ಒತ್ತಡ ಇಳಿಯುತ್ತದೆ.

ತಳ ತೆಳುವಾದದ್ದು ಹೇಗೆ

ಸವೆತ. ತಳದ ಉಕ್ಕನ್ನು ನೀರು ಒಳಗಿನಿಂದ ವರ್ಷಗಟ್ಟಲೆ ತಿನ್ನುತ್ತಾ ಬಂದಿತ್ತು. ಸ್ಟೀಮ್ ವ್ಯವಸ್ಥೆಗೆ ಹೊಸದಾಗಿ ಸೇರಿಸುವ ನೀರಿನಲ್ಲಿ ಆಮ್ಲಜನಕ ಕರಗಿರುತ್ತದೆ. ನೀರು ಬಿಸಿಯಾದಂತೆ ಅದು ಬಿಟ್ಟುಕೊಂಡು ಉಕ್ಕಿನ ಮೇಲೆ ಗುಳಿ ಬೀಳಿಸುತ್ತದೆ. ಅದನ್ನು ತಡೆಯಲು ಸೋಡಿಯಂ ಸಲ್ಫೈಟ್‌ನಂಥ ಕೆಮಿಕಲ್ ಹಾಕಿ ಆಮ್ಲಜನಕವನ್ನು ಹೀರಿಸಬೇಕು, ದಿನಾ ನೀರು ಪರೀಕ್ಷಿಸಬೇಕು, ಬರೆದಿಡಬೇಕು. ಬಾಯ್ಲರ್ ಹೌಸ್‌ನಲ್ಲಿ ಎಲ್ಲರಿಗೂ ಬೇಜಾರಾಗುವ ಕೆಲಸ ಇದು. ಹೊಸಬರಿಗೆ ಮೊದಲು ಕೊಡುವುದೂ ಇದನ್ನೇ. ಸುಮ್ನೆ ಬಾಟಲಿ ಹಿಡಿದು ನಿಲ್ಲಿಸಿದ್ದಾರೆ ಅಂತ ಬೇಸರ ಮಾಡಿಕೊಳ್ಳಬೇಡಿ. ಐದು ವರ್ಷ ಆದಮೇಲೆ ತಳದ ದಪ್ಪ ಎಷ್ಟು ಉಳಿದಿರುತ್ತದೆ ಅನ್ನುವುದು ಆ ಬಾಟಲಿಯಲ್ಲೇ ತೀರ್ಮಾನವಾಗುತ್ತದೆ.

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಸವೆತ ಅಲ್ಲ. ಸವೆತ ಎಲ್ಲ ಕಡೆ ಇರುತ್ತದೆ. ಕಾಡುವುದು 2012ರಲ್ಲಿ ಆದ ರಿಪೇರಿ.

ಇದೇ ಟ್ಯಾಂಕ್ 2012ರಲ್ಲೇ ಒಮ್ಮೆ ತಳದಲ್ಲಿ ಸೋರಿತ್ತು. ರಿಪೇರಿಯವರು ಬಂದರು. ತಳದ ಮಧ್ಯಭಾಗವನ್ನು ಗುಂಡಗೆ ಕತ್ತರಿಸಿ ತೆಗೆದರು, ಹೊಸ ಪ್ಲೇಟ್ ಇಟ್ಟು ಬೆಸುಗೆ ಹಾಕಿದರು. ಸೋರಿಕೆ ನಿಂತಿತು. ಆದರೆ ಹೊಸ ಪ್ಲೇಟ್‌ನ ಸುತ್ತ, ಅಂಚಿನ ಕಡೆ, ಹಳೆಯ ತಳದ ಒಂದು ಉಂಗುರ ಹಾಗೇ ಉಳಿಯಿತು. ಅದೂ ಸವೆದಿತ್ತು. ಮಧ್ಯದ ತಗಡು ತಿಂದ ನೀರು ಅಂಚಿನ ತಗಡನ್ನೂ ತಿಂದಿತ್ತಲ್ಲ! ಹಳೇ ಹಂಡೆಗೆ ತಳ ಹಾಕಿಸಿದವರಿಗೆ ಇದು ಗೊತ್ತಿರುತ್ತದೆ: ಆಮೇಲೆ ಸೋರುವುದು ಹೊಸ ತಗಡಲ್ಲ, ಅದರ ಪಕ್ಕದ ಹಳೇ ತಗಡು. ಹಂಡೆ ಸೋರಿದರೆ ಒಲೆ ನಂದುತ್ತದೆ, ಅಷ್ಟೇ. ಒತ್ತಡದ ಟ್ಯಾಂಕ್‌ಗೆ ಆ ವಿನಾಯಿತಿ ಇಲ್ಲ. 2017ರಲ್ಲಿ ಹರಿದದ್ದು ಆ ಉಂಗುರವೇ.

ಸೋರುವ ತೂತನ್ನು ಮುಚ್ಚುವುದು ಬೇರೆ ಕೆಲಸ. ಟ್ಯಾಂಕ್ ಒತ್ತಡ ತಡೆಯುತ್ತದಾ ಅಂತ ನೋಡುವುದು ಬೇರೆ ಕೆಲಸ. 2012ರಲ್ಲಿ ಮೊದಲನೆಯದು ಆಯಿತು, ಎರಡನೆಯದು ಆಗಲಿಲ್ಲ. ಹೊಸ ಪ್ಲೇಟ್ ಬೆಸೆಯುವ ಮುಂಚೆ ಕತ್ತರಿಸಿದ ಅಂಚಿನ ಸುತ್ತ ದಪ್ಪ ಅಳೆದು, ಆರೋಗ್ಯವಾದ ತಗಡು ಸಿಗುವವರೆಗೂ ಕತ್ತರಿಸುತ್ತಾ ಹೋಗಬೇಕಿತ್ತು. ಸಿಗದಿದ್ದರೆ ಇಡೀ ತಳವನ್ನೇ ಬದಲಾಯಿಸಬೇಕಿತ್ತು.

ಆ ಶುಕ್ರವಾರ

2017ರ ಮಾರ್ಚ್ 31, ಶುಕ್ರವಾರ. ಟ್ಯಾಂಕ್‌ನ ತಳದಲ್ಲಿ ಮತ್ತೆ ಸೋರಿಕೆ ಕಾಣಿಸಿತು. ರಿಪೇರಿಯವರಿಗೆ ಫೋನ್ ಹೋಯಿತು. ಬರುವುದು ಸೋಮವಾರ ಅಂತಾಯಿತು. ವಾರದ ಕೊನೆಗೆ ವ್ಯವಸ್ಥೆ ನಿಂತಿತ್ತು. ಸೋಮವಾರ ಬೆಳಿಗ್ಗೆ, ರಿಪೇರಿಯವರು ಬರುವ ಮುಂಚೆಯೇ, ಮಾಮೂಲಿನಂತೆ ಸ್ಟೀಮ್ ಏರಿಸಿದರು.

ಇಲ್ಲಿ ಯಾರನ್ನೂ ದುಷ್ಟರು ಅನ್ನಬೇಕಾಗಿಲ್ಲ. ನಮ್ಮ ಯಾವ ಕಾರ್ಖಾನೆಯಲ್ಲಿ ಬೇಕಾದರೂ ಈ ಮಾತು ಕೇಳಿಸುತ್ತದೆ: "ಸರ್, ಸ್ವಲ್ಪ ಜಿನುಗ್ತಾ ಇದೆ ಅಷ್ಟೇ. ಮಧ್ಯಾಹ್ನ ವೆಲ್ಡರ್ ಬರ್ತಾನೆ. ಅಲ್ಲಿವರೆಗೂ ಓಡಿಸೋಣ, ಆರ್ಡರ್ ಇದೆ." ಹೇಳುವವರು ಇಪ್ಪತ್ತು ವರ್ಷ ಅಲ್ಲೇ ದುಡಿದಿರುತ್ತಾರೆ. ಕೇಳಿಸಿಕೊಳ್ಳುವವರು ಮೊನ್ನೆ ಸೇರಿದವರು. ಎದುರು ಮಾತಾಡುವುದು ಹೇಗೆ?

ವಾದದಿಂದ ಆಗುವುದಿಲ್ಲ, ನಂಬರ್‌ನಿಂದ ಆಗುತ್ತದೆ. ಅದಕ್ಕೇ ಅಳತೆಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಪಂಪ್ ಗ್ಲ್ಯಾಂಡ್ (ಪಂಪ್‌ನ ತಿರುಗುವ ದಂಡದ ಸುತ್ತಿನ ಜಾಗ) ಸೋರಿದರೆ, ಫ್ಲೇಂಜ್ (ಪೈಪ್‌ಗಳನ್ನು ಬೋಲ್ಟ್ ಹಾಕಿ ಕೂಡಿಸುವ ಜಾಗ) ಸೋರಿದರೆ, ತಪ್ಪು ಪ್ಯಾಕಿಂಗ್‌ನದ್ದೋ ಗ್ಯಾಸ್ಕೆಟ್‌ನದ್ದೋ ಆಗಿರಬಹುದು. ಅವು ಸವೆಯಲೆಂದೇ ಹಾಕಿದ ಭಾಗಗಳು. ತಗಡೇ ಸೋರಿತು ಅಂದರೆ ಆ ಜಾಗದಲ್ಲಿ ದಪ್ಪ ಸೊನ್ನೆ. ಪಕ್ಕದಲ್ಲಿ ಎಷ್ಟಿದೆ? ಈ ಪ್ರಶ್ನೆಗೆ ಉತ್ತರ ಸಿಗುವವರೆಗೂ ಸ್ಟೀಮ್ ಏರಿಸಬಾರದು.

ಉತ್ತರ ಕೊಡುವ ಉಪಕರಣ ಡಿ-ಮೀಟರ್, ಅಂದರೆ ಅಲ್ಟ್ರಾಸಾನಿಕ್ ದಪ್ಪದ ಮೀಟರ್. ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು, ತಂತಿಯ ತುದಿಯಲ್ಲಿ ಒಂದು ಪ್ರೋಬ್. ತಗಡಿನ ಮೇಲೆ ಜೆಲ್ಲೋ ಗ್ರೀಸೋ ಹಚ್ಚಿ ಪ್ರೋಬ್ ಒತ್ತಿದರೆ ಶಬ್ದ ಒಳಗೆ ಹೋಗಿ ಹಿಂದಿನ ಮೇಲ್ಮೈಗೆ ಬಡಿದು ವಾಪಸ್ ಬರುತ್ತದೆ. ಹೋಗಿ ಬಂದ ಸಮಯದಿಂದ ದಪ್ಪ ಗೊತ್ತಾಗುತ್ತದೆ. ನೋಡುವುದಕ್ಕೆ ಸುಲಭ. ಮೋಸ ಹೋಗುವುದೂ ಅಷ್ಟೇ ಸುಲಭ.

ಮೊದಲು ಸ್ಟೆಪ್ ಬ್ಲಾಕ್ ಮೇಲೆ ಮೀಟರ್ ಸರಿ ಮಾಡಿಕೊಳ್ಳಿ. ದಪ್ಪ ಮೊದಲೇ ಗೊತ್ತಿರುವ ಮೆಟ್ಟಿಲು ಮೆಟ್ಟಿಲಾದ ಉಕ್ಕಿನ ತುಂಡು ಅದು. ನೀವು ಅಳೆಯಲಿರುವ ದಪ್ಪಕ್ಕಿಂತ ತೆಳುವಾದ ಮೆಟ್ಟಿಲು ಒಂದು, ದಪ್ಪದ್ದು ಒಂದು, ಎರಡರ ಮೇಲೂ ಸರಿ ಬರಬೇಕು. ಬಣ್ಣದ ಮೇಲೆ ಇಟ್ಟರೆ ಸಾಮಾನ್ಯ ಮೀಟರ್ ಬಣ್ಣವನ್ನೂ ಉಕ್ಕು ಅಂತಲೇ ಎಣಿಸುತ್ತದೆ. ಕೆರೆದು ಹೊಳೆಯುವ ಲೋಹ ಕಂಡಮೇಲೆ ಇಡಿ. ಬಿಸಿ ತಗಡಿನಲ್ಲಿ ಶಬ್ದ ನಿಧಾನವಾಗಿ ಹೋಗುವುದರಿಂದ ಮೀಟರ್ ಇದ್ದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ.

ಇವೆಲ್ಲ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಅಷ್ಟಾಗಿ ಒತ್ತಿ ಹೇಳದ ಎರಡು ಮಾತು ಇವೆ. ಒಂದು, ಪ್ರತಿ ಪ್ರೋಬ್‌ಗೂ ಒಂದು ಕನಿಷ್ಠ ಮಿತಿ ಇರುತ್ತದೆ. ಅದಕ್ಕಿಂತ ತೆಳುವಾದ ತಗಡಿನಲ್ಲಿ ಮೀಟರ್ ಮೊದಲ ಪ್ರತಿಧ್ವನಿ ಬಿಟ್ಟು ಎರಡನೆಯದನ್ನು ಹಿಡಿಯಬಹುದು. ಆಗ ಇದ್ದದ್ದರ ದುಪ್ಪಟ್ಟು ತೋರಿಸುತ್ತದೆ. ಅಂದರೆ ತಗಡು ಅತಿ ಅಪಾಯದಲ್ಲಿರುವ ಜಾಗದಲ್ಲೇ ಮೀಟರ್ "ಪರವಾಗಿಲ್ಲ" ಅನ್ನುತ್ತದೆ! ಸುತ್ತಲೂ ಅಂಕಿ ಇಳಿಯುತ್ತಾ ಬಂದು ಒಂದೇ ಕಡೆ ದಿಢೀರನೆ ಏರಿದರೆ ಖುಷಿ ಪಡಬೇಡಿ, ಪ್ರೋಬ್ ಬದಲಿಸಿ ಮತ್ತೆ ನೋಡಿ.

ಎರಡು, ಪ್ರೋಬ್ ನೋಡುವುದು ಬೆರಳಿನ ತುದಿಯಷ್ಟು ಜಾಗ. ಗುಳಿ ಬಿದ್ದ ತಳದಲ್ಲಿ ನಾಲ್ಕು ಕಡೆ ಇಟ್ಟು ನಾಲ್ಕು ಅಂಕಿ ಬರೆದು ಬಂದರೆ ಏನೂ ನೋಡಿದಂತಾಗಲಿಲ್ಲ. ಸೋರುವ ಜಾಗ ಮಧ್ಯಕ್ಕಿಟ್ಟುಕೊಂಡು ಸೀಮೆಸುಣ್ಣದಿಂದ ಚೌಕಗಳ ಗೆರೆ ಎಳೆಯಿರಿ, 25 ಮಿಮೀ ಅಂತರ ಸಾಕು. ಪ್ರತಿ ಚೌಕದಲ್ಲೂ ಪ್ರೋಬ್ ಓಡಾಡಿಸಿ ಸಿಕ್ಕಿದ ಅತಿ ಕಡಿಮೆ ಅಂಕಿ ಬರೆಯಿರಿ. ಹಳೇ ರಿಪೇರಿಯ ಬೆಸುಗೆ ಇದ್ದರೆ ಅದರ ಎರಡೂ ಬದಿ ಅಳೆಯಿರಿ. ಒಳ ಬದಿಯಲ್ಲಿ ಹೊಸ ಪ್ಲೇಟ್‌ನ ದಪ್ಪ ಚೆನ್ನಾಗಿಯೇ ಸಿಗುತ್ತದೆ, ಮನಸ್ಸಿಗೆ ಸಮಾಧಾನವೂ ಆಗುತ್ತದೆ. ಸೇಂಟ್ ಲೂಯಿಸ್‌ನ ಟ್ಯಾಂಕ್‌ನಲ್ಲಿ ಸುದ್ದಿ ಇದ್ದದ್ದು ಹೊರ ಬದಿಯಲ್ಲಿ.

ಈಗ ಕೊನೆಗೆ ಸಿಕ್ಕ ಕಡಿಮೆ ಅಂಕಿಯನ್ನು ಯಾವುದರ ಜೊತೆ ಹೋಲಿಸಬೇಕು? ಬೇಕಾದ ಕನಿಷ್ಠ ದಪ್ಪದ ಜೊತೆ. ಕಾಲೇಜಿನ ಸೂತ್ರವೇ ಸಾಕು. ಉದಾಹರಣೆಗೆ ಅಷ್ಟೇ ವ್ಯಾಸದ ಒಂದು ಟ್ಯಾಂಕ್ ತೆಗೆದುಕೊಳ್ಳೋಣ, ಅದೇ ಟ್ಯಾಂಕ್‌ನ ಡ್ರಾಯಿಂಗ್ ಇದಲ್ಲ. ಒಳ ತ್ರಿಜ್ಯ 381 ಮಿಮೀ, ಒತ್ತಡ 0.7 ಮೆಗಾಪಾಸ್ಕಲ್. ಬಾಯ್ಲರ್ ಪ್ಲೇಟ್‌ಗೆ ಅನುಮತಿಸಿದ ಸ್ಟ್ರೆಸ್ (ಲೋಹ ತಡೆದುಕೊಳ್ಳಬಹುದಾದ ಎಳೆತ) 138 ಮೆಗಾಪಾಸ್ಕಲ್, ಬೆಸುಗೆಯ ದಕ್ಷತೆ 0.85. ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ, 138 ಮತ್ತು 0.85ರ ಗುಣಲಬ್ಧದಿಂದ 0.6 ಪಟ್ಟು ಒತ್ತಡ ಕಳೆದು ಬಂದದ್ದರಿಂದ ಭಾಗಿಸಿದರೆ ಸುಮಾರು 2.3 ಮಿಮೀ ಬರುತ್ತದೆ. ಡಿಶ್ ಎಂಡ್‌ನದ್ದು, ಅಂದರೆ ಟ್ಯಾಂಕ್‌ನ ಬಾಗಿದ ತುದಿಯದ್ದು, ಎಲಿಪ್ಸ್ ಆಕಾರ ಆದರೆ ಅದಕ್ಕೂ ಹೆಚ್ಚುಕಡಿಮೆ ಅಷ್ಟೇ. ನಿಜವಾದ ಲೆಕ್ಕದಲ್ಲಿ ಓಡಿಸುವ ಒತ್ತಡ ಅಲ್ಲ, ನೇಮ್‌ಪ್ಲೇಟ್‌ನಲ್ಲಿರುವ ಡಿಸೈನ್ ಒತ್ತಡ ಹಾಕಬೇಕು, ಆಗ ಅಂಕಿ ಇನ್ನೂ ಏರುತ್ತದೆ.

ಮೂರು ಮಿಮೀ ಒಳಗಿನ ದಪ್ಪ ನಾಲ್ಕು ಜನರ ಪ್ರಾಣ ಹಿಡಿದುಕೊಂಡಿರಬಹುದು ಅನ್ನುವುದು ಈ ಲೆಕ್ಕದಿಂದ ನನಗೆ ಪ್ರತಿ ಸಲವೂ ಹೊಸದಾಗಿ ಅರಿವಾಗುತ್ತದೆ. ಹೊಸದಾಗಿದ್ದಾಗ 6 ಮಿಮೀ ಇದ್ದ ತಳ ಹತ್ತು ವರ್ಷಕ್ಕೆ 4 ಆಗಿದೆ ಅಂದುಕೊಳ್ಳಿ. ವರ್ಷಕ್ಕೆ 0.2 ಸವೆತ. ಬೇಕಾದದ್ದು 2.5 ಆದರೆ ಉಳಿದ ಆಯುಷ್ಯ ಏಳೂವರೆ ವರ್ಷ. ಪ್ರೆಶರ್ ವೆಸಲ್ ತಪಾಸಣೆಗೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಮಾಡಿದ ಎಪಿಐ 510 ನಿಯಮ ಹೇಳುವುದು, ಮುಂದಿನ ಒಳ ತಪಾಸಣೆ ಉಳಿದ ಆಯುಷ್ಯದ ಅರ್ಧದೊಳಗೆ ಆಗಬೇಕು, ಹತ್ತು ವರ್ಷವನ್ನಂತೂ ಮೀರಬಾರದು. ಆದರೆ ಈ ಲೆಕ್ಕ ಮಾಡಬೇಕಾದರೆ ಹಿಂದಿನ ಅಳತೆ ಇರಬೇಕು. ಎಂದೂ ಅಳೆಯದ ಟ್ಯಾಂಕ್‌ಗೆ ಸವೆತದ ವೇಗ ಅನ್ನುವುದೇ ಇಲ್ಲ.

ಪಟ್ಟಿಯಲ್ಲಿ ಇಲ್ಲದ ಟ್ಯಾಂಕ್

ಇಷ್ಟೆಲ್ಲ ಅಳೆಯಬೇಕಾದವರು ಯಾರು, ಅಲ್ವಾ? ಮಿಸ್ಸೌರಿ ರಾಜ್ಯದ ಬಾಯ್ಲರ್ ತಪಾಸಣೆ ಸೇಂಟ್ ಲೂಯಿಸ್ ನಗರದೊಳಗೆ ಬರುತ್ತಿರಲಿಲ್ಲ. ನಗರಕ್ಕೆ ತನ್ನದೇ ನಿಯಮ, ತನ್ನದೇ ಇನ್‌ಸ್ಪೆಕ್ಟರ್‌ಗಳು. ಆದರೆ ನಗರದ ದಾಖಲೆಯಲ್ಲಿ ಈ ಟ್ಯಾಂಕ್ ಇರಲಿಲ್ಲ. ಹಾಗಾಗಿ ಸರ್ಕಾರದ ಕಡೆಯಿಂದ ಯಾರೂ ಅದನ್ನು ತಪಾಸಣೆ ಮಾಡಲಿಲ್ಲ. ಕಂಪನಿಯ ಒಳಗೂ ಅದನ್ನು ಇಷ್ಟಿಷ್ಟು ದಿನಕ್ಕೆ ನೋಡಬೇಕು ಅನ್ನುವ ಕ್ರಮ ಇರಲಿಲ್ಲ.

ನಮ್ಮಲ್ಲಿ ಬಾಯ್ಲರ್‌ಗೆ 1923ರಿಂದ ಕಾಯ್ದೆ ಇತ್ತು, 2025ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂತು. ಕರ್ನಾಟಕದಲ್ಲಿ ಕಾರ್ಖಾನೆಗಳು ಮತ್ತು ಬಾಯ್ಲರ್‌ಗಳ ಇಲಾಖೆ ನೋಡಿಕೊಳ್ಳುತ್ತದೆ. ಬಾಯ್ಲರ್ ಅಲ್ಲದ ಒತ್ತಡದ ಸಾಮಾನುಗಳಿಗೆ 1948ರ ಫ್ಯಾಕ್ಟರೀಸ್ ಕಾಯ್ದೆಯ 31ನೇ ಸೆಕ್ಷನ್ ದಶಕಗಳ ಕಾಲ ಆಧಾರವಾಗಿತ್ತು. ಸಕ್ಷಮ ವ್ಯಕ್ತಿಯೊಬ್ಬರು, ಅಂದರೆ ಈ ಕೆಲಸಕ್ಕೆ ಸರ್ಕಾರ ಮಾನ್ಯ ಮಾಡಿದ ತಜ್ಞರು, ಬಂದು ನೋಡಿ ಸರ್ಟಿಫಿಕೇಟ್ ಕೊಡುವ ಪದ್ಧತಿ ಬೆಳೆದದ್ದು ಅದರಿಂದ. ಕಾನೂನು ಇದೆ. ಆದರೆ ಸಕ್ಷಮ ವ್ಯಕ್ತಿ ನೋಡುವುದು ತನಗೆ ತೋರಿಸಿದ್ದನ್ನು. ಕಾರ್ಖಾನೆಯವರು ಕೊಟ್ಟ ಪಟ್ಟಿಯಲ್ಲಿ ಐದು ಏರ್ ರಿಸೀವರ್ (ಒತ್ತಿದ ಗಾಳಿ ತುಂಬಿಡುವ ಟ್ಯಾಂಕ್) ಇದ್ದರೆ ಐದನ್ನು ನೋಡಿ ಹೋಗುತ್ತಾರೆ. ಆರನೆಯದು ಶೆಡ್‌ನ ಹಿಂದೆ ಲ್ಯಾಗಿಂಗ್ (ಶಾಖ ಹೊರಹೋಗದಂತೆ ತಡೆಯುವ ಹೊದಿಕೆ) ಸುತ್ತಿಕೊಂಡು ನಿಂತಿದ್ದರೆ?

ಹಾಗಾಗಿ ಹೊಸದಾಗಿ ಸೇರಿದವರಿಗೆ ಮೊದಲ ವಾರದಲ್ಲೇ ಕೊಡಬಹುದಾದ ಒಳ್ಳೆಯ ಕೆಲಸ ಒಂದಿದೆ: ಪಟ್ಟಿ ಪಕ್ಕಕ್ಕಿಟ್ಟು ಪೈಪ್ ಹಿಡಿದುಕೊಂಡು ನಡೆಯುವುದು. ಸ್ಟೀಮ್ ಹೆಡರ್‌ನಿಂದ, ಅಂದರೆ ಸ್ಟೀಮ್ ಬೇರೆ ಬೇರೆ ಲೈನ್‌ಗೆ ಹಂಚಿಹೋಗುವ ದಪ್ಪ ಪೈಪ್‌ನಿಂದ, ಶುರು ಮಾಡಿ ಪ್ರತಿ ಲೈನ್ ಎಲ್ಲಿಗೆ ಹೋಗುತ್ತದೆ, ಮಧ್ಯೆ ಯಾವ ಪಾತ್ರೆ ಸಿಗುತ್ತದೆ, ಅದಕ್ಕೆ ನೇಮ್‌ಪ್ಲೇಟ್ ಇದೆಯಾ, ಸೇಫ್ಟಿ ವಾಲ್ವ್ ಇದೆಯಾ, ಕೊನೆಯ ಸಲ ದಪ್ಪ ಅಳೆದದ್ದು ಯಾವಾಗ, ಎಲ್ಲ ಬರೆದುಕೊಳ್ಳಬೇಕು. ನಡೆದು ಮಾಡಿದ ಪಟ್ಟಿ ಮತ್ತು ಫೈಲ್‌ನ ಪಟ್ಟಿ ಹೊಂದದೇ ಇದ್ದಾಗ ಆ ವ್ಯತ್ಯಾಸದಲ್ಲೇ ನಿಮ್ಮ ವರ್ಷದ ಕೆಲಸ ಇರುತ್ತದೆ. ಲ್ಯಾಗಿಂಗ್ ಸುತ್ತಿದ ಟ್ಯಾಂಕ್ ಆದರೆ ತಳದ ಹತ್ತಿರ ಲ್ಯಾಗಿಂಗ್‌ನಲ್ಲಿ ಒಂದು ಕಿಟಕಿ ಕತ್ತರಿಸಿಸಿ. ನೀರು, ಕೆಸರು ನಿಲ್ಲುವುದು ಅಲ್ಲೇ, ಯಾರೂ ಬಗ್ಗಿ ನೋಡದ ಜಾಗವೂ ಅದೇ.

ಇನ್ನು ಆ ಶುಕ್ರವಾರದಂಥ ದಿನ ನಿಮ್ಮ ಪಾಲಿಗೆ ಬಂದರೆ ವರದಿ ಉದ್ದ ಬೇಡ. ಟ್ಯಾಂಕ್ ನಂಬರ್. ಸೋರಿಕೆ ತಗಡಿನಲ್ಲಿ, ಜಾಯಿಂಟ್‌ನಲ್ಲಿ ಅಲ್ಲ. ಹಳೇ ರಿಪೇರಿಯ ಬೆಸುಗೆಯಿಂದ ಎಷ್ಟು ದೂರ. ಸಿಕ್ಕ ಕನಿಷ್ಠ ದಪ್ಪ, ಬೇಕಾದ ಕನಿಷ್ಠ ದಪ್ಪ. ಅಳೆಯಲು ಆಗದಿದ್ದರೆ ಹಾಗಂತಲೇ. ಆಮೇಲೆ ಒಂದು ಸಾಲು: "ಒತ್ತಡ ಸೊನ್ನೆಗೆ ಇಳಿಸಿ ಪ್ರತ್ಯೇಕಿಸಲಾಗಿದೆ, ದಪ್ಪದ ನಕ್ಷೆ ಮತ್ತು ರಿಪೇರಿಯ ಒಪ್ಪಿಗೆ ಸಿಗುವವರೆಗೆ ಚಾಲೂ ಮಾಡಬಾರದು." ತಾರೀಖು, ಸಮಯ ಹಾಕಿ ಸಹಿ ಮಾಡಿ. ಒಂದು ಪ್ರತಿ ನಿಮ್ಮ ಮೇಲಿನವರಿಗೆ, ಒಂದು ಪ್ರೊಡಕ್ಷನ್‌ಗೆ, ಒಂದು ಸೇಫ್ಟಿ ಆಫೀಸರ್‌ಗೆ. ಇನ್ಲೆಟ್ ವಾಲ್ವ್‌ಗೆ ಬೀಗ ಹಾಕಿ ಟ್ಯಾಗ್ ತೂಗುಹಾಕಿ. ಸೋಮವಾರ ಬೆಳಿಗ್ಗೆ ಶಿಫ್ಟ್‌ಗೆ ಬರುವವರು ಶುಕ್ರವಾರ ಇದ್ದವರೇ ಆಗಿರಬೇಕಿಲ್ಲ. ಅವರಿಗೆ ಗೊತ್ತಾಗುವುದು ಆ ಬೀಗದಿಂದ.